ಮಿಂಚುರೈಲಿನ ಇಪ್ಪತ್ತನೆಯ ಸೀಟು

ಜನರಿಗೆ ಸಾಲಿನಲ್ಲಿ ನಿಲ್ಲುವ ಕಷ್ಟವನ್ನು ತಪ್ಪಿಸಲು ಊರಿನ ಮನರಂಜನಾ ಉದ್ಯಾನದವರು ಹೊರಟದ್ದೇ ಈ ಎಲ್ಲ ಕಷ್ಟಕ್ಕೂ ಮೂಲ. ಯಾವ ಆಟ, ಎಷ್ಟು ಗಂಟೆಗೆ, ಎಷ್ಟು ಮಂದಿ ಎಂಬುದನ್ನು ಮೂವತ್ತು ದಿನ ಮೊದಲೇ ಫೋನಿನಲ್ಲಿ ತಿಳಿಸಿ ಸರದಿಯನ್ನು ಕಾಯ್ದಿರಿಸಬಹುದೆಂದು ಅವರು ಪ್ರಕಟಿಸಿದರು. ಹೇಳಿದ ಹೊತ್ತಿಗೆ ಬಂದವರಿಗೆ ನೇರ ಪ್ರವೇಶ. ಹತ್ತು ನಿಮಿಷ ತಡವಾದರೆ ಆ ಸರದಿ ಹೋಯಿತು. ಎರಡು ಸರದಿ ತಪ್ಪಿದರೆ ಉಳಿದವೆಲ್ಲ ತಾವಾಗಿಯೇ ರದ್ದು. ಬೇರೆ ಯಾರಾದರೂ ಇದನ್ನು ಓದಿ ಮರೆಯುತ್ತಿದ್ದರು. ಬಸ್ ಡಿಪೋದ ಟೈಂಕೀಪರ್ ಓದಿ, ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಕೆಂಪು ಮಸಿಯಲ್ಲಿ ಅಡಿಗೆರೆ ಎಳೆದ.

ಇಪ್ಪತ್ತೆರಡು ವರ್ಷಗಳಿಂದ ಡಿಪೋದ ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕುಳಿತು, ಬಸ್ಸುಗಳು ಹೊರಟ ನಿಮಿಷವನ್ನೂ ಬಂದ ನಿಮಿಷವನ್ನೂ ಬರೆದಿಟ್ಟವನು ಅವನು. ತಡವಾಗಿ ಬಂದ ಡ್ರೈವರನಿಗೆ ಮೆಮೊ ಕೊಡುತ್ತಿದ್ದ. ಬೇಗ ಬಂದವನಿಗೂ ಕೊಡುತ್ತಿದ್ದ. ಸ್ಟ್ಯಾಂಡಿನಲ್ಲಿ ಗಂಟಲು ಹರಿಯುವಂತೆ ಕೂಗಿ ಜನರನ್ನು ಹತ್ತಿಸುವ ಕಂಡಕ್ಟರುಗಳನ್ನು ಕಂಡರಂತೂ ಅವನಿಗೆ ಆಗುತ್ತಿರಲಿಲ್ಲ. ಅವರಿಗೂ ಮೆಮೊ ಕೊಡುತ್ತಿದ್ದ. ಅವರು ಅವನಿಗೆ ನಿಮಿಷಪ್ಪ ಎಂದು ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಅದರಲ್ಲಿ ನಗುವಂಥದ್ದೇನಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಅವನ ಹನ್ನೊಂದು ವರ್ಷದ ಮಗಳು ಸೋಮವಾರ ಬೆಳಿಗ್ಗೆ ದೂರದ ವಸತಿ ಶಾಲೆಗೆ ಹೊರಡುವವಳಿದ್ದಳು. ಅದಕ್ಕೆ ಮುಂಚೆ ಅಪ್ಪನ ಪಕ್ಕದಲ್ಲಿ ಕುಳಿತು ಮಿಂಚುರೈಲು ಹತ್ತಬೇಕೆಂಬುದೊಂದೇ ಅವಳ ಕೋರಿಕೆ. ಮಿಂಚುರೈಲೆಂದರೆ ಹಳಿಯ ಮೇಲೆ ಆರು ಮಹಡಿಯೆತ್ತರಕ್ಕೆ ತೆವಳಿ ಏರಿ, ಅಲ್ಲಿಂದ ಕಲ್ಲಿನಂತೆ ಕೆಳಗೆ ಬೀಳುವ ಆಟ. ಈ ಮಾತನ್ನು ಅವನು ಹಿಂದೆ ಎರಡು ಸಲ ಕೊಟ್ಟಿದ್ದ. ಎರಡು ಸಲವೂ ಡ್ಯೂಟಿ ಅಡ್ಡ ಬಂದಿತ್ತು.

"ಈ ಸಲ ನಿನ್ನ ಪಕ್ಕದಲ್ಲೇ ಕೂತಿರ್ತೀನಿ ಪುಟ್ಟಿ. ಮೇಲಿಂದ ಕೆಳಗೆ ಬರೋ ತನಕ ಕೈ ಬಿಡಲ್ಲ."

"ಸತ್ಯ?"

"ನಾಲ್ಕು ನಲವತ್ತಕ್ಕೆ," ಎಂದ ಟೈಂಕೀಪರ್. ಅವನ ಬಾಯಲ್ಲಿ ಇದಕ್ಕಿಂತ ದೊಡ್ಡ ಆಣೆ ಇರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಉದ್ಯಾನದ ಬಾಗಿಲು ದಾಟಿದವರು ನಾಲ್ವರಲ್ಲ, ಐವರು. ಅವನು, ಹೆಂಡತಿ, ಮಗಳು, ಅತ್ತೆ ಲೆಕ್ಕದಲ್ಲಿದ್ದವರು. ಐದನೆಯವನು ಪಕ್ಕದ ಮನೆಯ ದರ್ಜಿ. ಬೆಳಿಗ್ಗೆ ಇವರು ಬೀಗ ಹಾಕುವುದನ್ನು ಕಂಡು, "ಎಲ್ಲಿಗೆ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟುಬಂದಿದ್ದ.

"ನಿಮಗೆ ಬುಕಿಂಗ್ ಇಲ್ಲವಲ್ಲ," ಎಂದ ಟೈಂಕೀಪರ್ ಗಂಭೀರವಾಗಿ.

"ಕಾಲಿದೆಯಲ್ಲ ಸಾಹೇಬ್ರೆ, ಸಾಕು," ಎಂದ ದರ್ಜಿ.

ಮೊದಲನೆಯದು ಹತ್ತು ಇಪ್ಪತ್ತರ ದೋಣಿ. ಅವರು ಹತ್ತು ಹದಿನಾಲ್ಕಕ್ಕೇ ಅಲ್ಲಿಗೆ ತಲುಪಿದರು. ಬೇಗ ಬರುವುದೂ ತಪ್ಪೇ ಆದ್ದರಿಂದ ಟೈಂಕೀಪರ್ ಸಂಸಾರವನ್ನು ಒಂದು ಕಂಬದ ಬಳಿ ಸಾಲಾಗಿ ನಿಲ್ಲಿಸಿದ. ಕಂಬದ ನೆರಳು ಒಬ್ಬರಿಗೆ ಸಾಲುವಷ್ಟಿತ್ತು. ಅದನ್ನು ಅತ್ತೆಗೆ ಕೊಡಲಾಯಿತು. ಹತ್ತು ಇಪ್ಪತ್ತಕ್ಕೆ ಸರಿಯಾಗಿ ಅವನು ದ್ವಾರದತ್ತ ಹೆಜ್ಜೆ ಹಾಕಿದಾಗ, ಎದುರಿನಿಂದ ದರ್ಜಿ ತಲೆಯ ನೀರು ಒರೆಸಿಕೊಳ್ಳುತ್ತ ಬರುತ್ತಿದ್ದ.

"ನಂದು ಒಂದು ಸುತ್ತಾಯ್ತು. ಬುಕ್ ಮಾಡಿದೋರು ಯಾರೋ ಬಂದಿರ್ಲಿಲ್ಲ, ಕೂರ್ಸಿದ್ರು."

ಟೈಂಕೀಪರ್ ಅವನನ್ನು, ನಿಲ್ದಾಣವಿಲ್ಲದ ಕಡೆ ನಿಂತ ಬಸ್ಸನ್ನು ನೋಡುವಂತೆ ನೋಡಿದ.

ಎರಡನೆಯದು ಹನ್ನೊಂದೂವರೆಯ ತಿರುಗುಬಟ್ಟಲು. ದಾರಿಯಲ್ಲಿ ಒಬ್ಬ ವಿದೂಷಕ ಎತ್ತರದ ಕೋಲುಗಳ ಮೇಲೆ ನಿಂತು, ಮಕ್ಕಳ ಟೋಪಿಗಳನ್ನು ಒಂದರ ಮೇಲೊಂದು ತನ್ನ ಮೂಗಿನ ಮೇಲೆ ಇಟ್ಟುಕೊಳ್ಳುತ್ತಿದ್ದ. ಮಗಳು ನಿಂತುಬಿಟ್ಟಳು.

"ಎರಡು ನಿಮಿಷ," ಎಂದು ಟೈಂಕೀಪರ್ ಮಂಜೂರು ಮಾಡಿದ.

ಎರಡು ನಿಮಿಷ ಮುಗಿದಾಗ ಮಗಳು ನಗುತ್ತಿದ್ದಳು. ನಾಲ್ಕು ಮುಗಿದಾಗ ಹೆಂಡತಿಯೂ ನಗುತ್ತಿದ್ದಳು. ಆರನೆಯ ನಿಮಿಷದಲ್ಲಿ ಅತ್ತೆ ತಮ್ಮ ಬಿಸಿಲಿನ ಟೋಪಿಯನ್ನೂ ವಿದೂಷಕನಿಗೆ ಕೊಟ್ಟುಬಿಟ್ಟರು. ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಗಡಿಯಾರದಲ್ಲಿ ಹನ್ನೊಂದು ನಲವತ್ತೊಂದು. ತಿರುಗುಬಟ್ಟಲಿನ ಸರದಿ ಹೋಯಿತು. ಅವನು ಪುಸ್ತಕದಲ್ಲಿ ಅದನ್ನು ಹೊಡೆದುಹಾಕಿದ. ಇನ್ನೊಂದು ತಪ್ಪಿದರೆ ಮಿಂಚುರೈಲೂ ಇಲ್ಲ.

"ಹೋಗ್ಲಿ ಬಿಡ್ರೀ, ಮಗು ನಕ್ಕಿತಲ್ಲ," ಎಂದಳು ಹೆಂಡತಿ.

"ನಗು ಪಟ್ಟಿಯಲ್ಲಿರಲಿಲ್ಲ," ಎಂದ ಅವನು. ಹಾಗೆ ಹೇಳಬೇಕೆಂದು ಅವನಿಗಿರಲಿಲ್ಲ. ಆದರೆ ಮಾತು ಹೊರಟುಹೋಗಿತ್ತು.

ಅಲ್ಲಿಂದ ಮುಂದೆ ಅವನು ಯಾರನ್ನೂ ನಿಲ್ಲಗೊಡಲಿಲ್ಲ. ಊಟಕ್ಕೆ ಒಂಬತ್ತು ನಿಮಿಷ. ಅತ್ತೆ ಬ್ರೆಡ್ಡಿನ ಎರಡನೆಯ ತುಂಡನ್ನು ನಡೆಯುತ್ತಲೇ ತಿಂದರು.

"ಅಳಿಯಂದ್ರೆ, ನಾನೇನು ನಿಮ್ಮ ಡಿಪೋ ಬಸ್ಸಾ? ಡೀಸೆಲ್ ಹಾಕೋವಾಗ್ಲಾದ್ರೂ ಬಸ್ಸು ನಿಲ್ಲುತ್ತೆ."

"ಅಪ್ಪಾ, ಅಲ್ಲಿ ಕನ್ನಡಿ ಮನೆ ಇದೆ," ಎಂದಳು ಮಗಳು.

"ಪಟ್ಟಿಯಲ್ಲಿಲ್ಲ ಪುಟ್ಟಿ."

"ಅಪ್ಪಾ, ಆ ಮರದ ಕುದುರೆ? ಸಾಲೇ ಇಲ್ಲ ಅಲ್ಲಿ."

"ನಾಲ್ಕು ನಲವತ್ತು ತಪ್ಪಿಹೋದ್ರೆ?"

ಮಗಳು ಆಮೇಲೆ ಕೇಳಲಿಲ್ಲ. ನೋಡಿದ ಕಡೆಗೆ ಕತ್ತನ್ನು ಮಾತ್ರ ತಿರುಗಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದನ್ನೂ ಬಿಟ್ಟಳು. ಅತ್ತ ಮರದ ಕುದುರೆಯ ಮೇಲೆ ಕುಳಿತ ದರ್ಜಿ ಇವರಿಗೆ ಕೈ ಬೀಸುತ್ತಿದ್ದ. ಅದಕ್ಕೆ ಮುಂಚೆ ಕನ್ನಡಿ ಮನೆಯೊಳಗಿಂದಲೂ ಬಹುಶಃ ಅವನೇ ಹತ್ತು ಮಂದಿಯಾಗಿ ಬೀಸುತ್ತಿದ್ದಿರಬೇಕು.

ಎರಡೂ ಮುಕ್ಕಾಲರ ತೂಗುಕುರ್ಚಿಗೆ ಹೋಗುವಾಗ ಅತ್ತೆಯ ಚಪ್ಪಲಿ ಕಿತ್ತುಹೋಯಿತು. ಉಳಿದಿದ್ದುದು ಮೂರು ನಿಮಿಷ.

"ಕೊಡಿ, ಹೊಲಿದು ಕೊಡ್ತೀನಿ. ನನ್ನ ಜೇಬಲ್ಲಿ ಸೂಜಿ ಇದ್ದೇ ಇರುತ್ತೆ," ಎಂದ ದರ್ಜಿ. "ಕಾಲು ಗಂಟೆ ಕೆಲಸ."

ಕಾಲು ಗಂಟೆ! ಟೈಂಕೀಪರ್ ಮರುಮಾತಿಲ್ಲದೆ ತನ್ನ ಚಪ್ಪಲಿಗಳನ್ನು ಕಳಚಿ ಅತ್ತೆಯ ಕಾಲಿನ ಬಳಿ ಇಟ್ಟ. ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ, ಹೆಂಚಿನ ಮೇಲೆ ಬಿದ್ದ ನೀರಿನ ಹನಿಯಂತೆ ಕುಪ್ಪಳಿಸುತ್ತ, ಸಂಸಾರವನ್ನು ಒಂದು ನಿಮಿಷ ಮುಂಚಿತವಾಗಿ ತಲುಪಿಸಿದ. ಆ ಒಂದು ನಿಮಿಷವನ್ನೂ ಹೊರಗೆ ನಿಂತೇ ಕಳೆಯಲಾಯಿತು.

ನಾಲ್ಕು ನಲವತ್ತು. ಅಪ್ಪ ಮತ್ತು ಮಗಳು ಮಿಂಚುರೈಲಿನ ದ್ವಾರದಲ್ಲಿದ್ದರು. ಹೆಂಡತಿಗೆ ಎತ್ತರವೆಂದರೆ ತಲೆ ಸುತ್ತು. ಅವಳು ಚೀಲಗಳನ್ನಿಟ್ಟುಕೊಂಡು ಅತ್ತೆಯೊಡನೆ ಎದುರಿನ ಬೆಂಚಿನಲ್ಲಿ ಕುಳಿತಳು. ಸಮವಸ್ತ್ರದ ಹುಡುಗಿ ಅವನ ಫೋನನ್ನು ನೋಡಿ ಇಬ್ಬರಿಗೂ ಮೊದಲ ಸಾಲು ಎಂದಳು. ಮಗಳ ಮುಖದಲ್ಲಿ ಮಧ್ಯಾಹ್ನದಿಂದ ಕಾಣೆಯಾಗಿದ್ದ ಬೆಳಕು ಮರಳಿತು. ಅವಳು ಹೋಗಿ ಕುಳಿತು, ಪಕ್ಕದ ಸೀಟಿನ ಮೇಲೆ ಕೈಯಿಟ್ಟು ಕಾಯ್ದಳು.

ಆದರೆ ರೈಲಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಮಿಕ್ಕವರೆಲ್ಲಿ?" ಎಂದ ಟೈಂಕೀಪರ್.

"ಬುಕಿಂಗ್ ಫುಲ್ ಇದೆ ಸರ್, ಇಪ್ಪತ್ತಕ್ಕೆ ಇಪ್ಪತ್ತು. ಜನ ಬಂದಿಲ್ಲ. ಎಲ್ಲರೂ ಎಲ್ಲಾನೂ ಬುಕ್ ಮಾಡಿರ್ತಾರೆ, ಆಮೇಲೆ ಮನಸ್ಸು ಬಂದ ಕಡೆ ಹೋಗ್ತಾರೆ."

"ಸರಿ, ಇಬ್ಬರನ್ನೇ ಬಿಡಿ."

"ಆಗಲ್ಲ ಸರ್. ಇಪ್ಪತ್ತೂ ತುಂಬ್ಬೇಕು, ಇಲ್ದಿದ್ರೆ ಬಿಡೋ ಹಾಗಿಲ್ಲ. ಐದಕ್ಕೆ ಆಟ ಬಂದ್. ನಾಲ್ಕು ಐವತ್ತರ ಮೇಲೆ ಯಾರು ಬಂದ್ರೂ ಕೂರಿಸ್ಕೊಳ್ತೀನಿ, ಬುಕಿಂಗ್ ಕೇಳಲ್ಲ. ಬರೋರು ಬೇಕಲ್ಲ!"

ಟೈಂಕೀಪರ್ ಲೆಕ್ಕ ಹಾಕಿದ. ಇಪ್ಪತ್ತರಲ್ಲಿ ಎರಡು ಕಳೆದರೆ ಹದಿನೆಂಟು. ಲೆಕ್ಕ ಸರಿಯಾಗಿತ್ತು. ಮಗಳು ಸೀಟಿನ ಮೇಲಿಟ್ಟ ಕೈಯನ್ನು ತೆಗೆದಿರಲಿಲ್ಲ. "ಅಪ್ಪಾ, ಈ ಸಲಾನೂ ಇಲ್ವಾ?" ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಅವನು ಬರಿಗಾಲಿನಲ್ಲಿ ಹೊರಗೆ ಓಡಿದ. ಉದ್ಯಾನದ ನಾಲ್ಕು ದಾರಿ ಕೂಡುವಲ್ಲಿ ನಿಂತು, ಸುತ್ತ ನೋಡಿ, ಇಪ್ಪತ್ತೆರಡು ವರ್ಷ ಯಾವ ಕೂಗಿಗೆ ಮೆಮೊ ಕೊಟ್ಟಿದ್ದನೋ ಆ ಕೂಗನ್ನೇ ಎದೆಯ ತಳದಿಂದ ಎತ್ತಿದ.

"ಬನ್ನಿ ಬನ್ನಿ ಬನ್ನಿ! ಮಿಂಚುರೈಲು, ಮಿಂಚುರೈಲು! ಸೀಟಿದೆ, ಕೂತ್ಕೊಂಡೇ ಹೋಗಿ! ಈಗ್ಲೇ ಹೊರಡೋ ಗಾಡಿ! ಬುಕಿಂಗ್ ಬೇಡ, ಬನ್ನಿ!"

ಐಸ್‌ಕ್ರೀಂ ತಿನ್ನುತ್ತಿದ್ದ ದರ್ಜಿಯ ಕೈ ಬಾಯಿಯ ಹತ್ತಿರವೇ ನಿಂತಿತು.

"ಏನಾಯ್ತು ಸಾಹೇಬ್ರೆ, ಬಿಸಿಲೇನಾದ್ರೂ..."

"ಹತ್ತಯ್ಯ ಮೊದಲು!"

ದರ್ಜಿ ಒಂದು. ಬೆಂಚಿನಲ್ಲಿ ಕುಳಿತು ಮುಂದೆ ಎಲ್ಲಿಗೆಂದು ಜಗಳವಾಡುತ್ತಿದ್ದ ಕಾಲೇಜು ಹುಡುಗಿಯರು ಏಳು, ಎಂಟಾಯಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಮರದ ಮರೆಯಲ್ಲಿತ್ತು. ಅವರನ್ನೂ ಅವನು ಬಿಡಲಿಲ್ಲ. "ಒಳಗೆ ಇದಕ್ಕಿಂತ ಒತ್ತಾಗಿ ಕೂರಬಹುದು, ಬನ್ನಿ!" ಹತ್ತು. ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದ ಐವರ ಸಂಸಾರ. ಹದಿನೈದು. ಇಸ್ಪೀಟಾಡುತ್ತಿದ್ದ ಮೂವರು ಮುದುಕರನ್ನು ಎಲೆಗಳ ಸಮೇತ ಎಬ್ಬಿಸಿದ.

"ನಮಗೆ ಈ ವಯಸ್ಸಲ್ಲಿ ಮಿಂಚುರೈಲು ಯಾಕಪ್ಪ?"

"ಇನ್ಯಾವಾಗ ಹತ್ತೋದು ಸ್ವಾಮಿ?"

ಮೂವರೂ ಎಲೆಗಳನ್ನು ಜೇಬಿಗೆ ತುರುಕಿಕೊಂಡು ನಡೆದರು. ಹದಿನೆಂಟು.

"ಒಳಗೆ ನಡೀರಿ, ಮುಂದೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ!" ಅವನ ಮುಖ ಕೆಂಪಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಅವನು ಇಷ್ಟು ಸುಂದರವಾಗಿ ಕಂಡದ್ದು ತಮ್ಮ ಮದುವೆಯ ದಿನವೂ ಅಲ್ಲವೆಂದು ಬೆಂಚಿನಲ್ಲಿದ್ದ ಹೆಂಡತಿಗೆ ತೋರಿತು.

ನಾಲ್ಕು ಐವತ್ತೆಂಟು. ಟೈಂಕೀಪರ್ ದ್ವಾರದಲ್ಲಿ ನಿಂತು, ಡಿಪೋದಲ್ಲಿ ಬಸ್ಸಿನೊಳಗೆ ಇಣುಕುವಂತೆಯೇ ಇಣುಕಿ, ಹಿಂದಿನಿಂದ ಮುಂದಕ್ಕೆ ತಲೆ ಎಣಿಸಿದ. ಹತ್ತೊಂಬತ್ತು. ಮುಂದಿನ ಸಾಲಿನಲ್ಲಿ ಒಂದು ಸೀಟು ಖಾಲಿ! ಒಂದು ಸೀಟಿಗಾಗಿ ಇಡೀ ಗಾಡಿ ನಿಂತುಹೋಗುವುದೇ?

"ಒಂದು ಸೀಟು! ಒಂದೇ ಒಂದು ಸೀಟು!" ಎಂದು ಅವನು ಸುತ್ತ ತಿರುಗಿದ. ಕಣ್ಣಿಗೆ ಬಿದ್ದದ್ದು ಬೆಂಚಿನಲ್ಲಿದ್ದ ಅತ್ತೆ.

"ನಾನಾ? ಅಳಿಯಂದ್ರೆ, ನನ್ನ ಮೊಣಕಾಲು..."

"ಕೂತ್ಕೊಂಡು ಹೋಗೋದಕ್ಕೆ ಮೊಣಕಾಲು ಯಾಕೆ ಅತ್ತೆ? ಬನ್ನಿ!" ಅವನು ಅವರ ತೋಳು ಹಿಡಿದು ಕರೆತಂದು, ಎರಡು ಕೈಯಲ್ಲಿ ಎತ್ತಿ, ಮಗಳ ಪಕ್ಕದ ಸೀಟಿನಲ್ಲಿ ಭದ್ರವಾಗಿ ಕೂರಿಸಿ, ಸರಳನ್ನು ತಾನೇ ಕೆಳಗೆಳೆದ. ಮಗಳು ಏನೋ ಹೇಳಿದಳು. ಹದಿನೆಂಟು ಮಂದಿಯ ಗದ್ದಲದಲ್ಲಿ ಅದು ಕೇಳಿಸಲಿಲ್ಲ.

ಇಪ್ಪತ್ತು. ಭರ್ತಿ. ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ಚೊಕ್ಕವಾಗಿ ತುಂಬಿದ ಗಾಡಿಯನ್ನು ಅವನು ನೋಡಿರಲಿಲ್ಲ. ರೈಲಿನ ಪಕ್ಕೆಯ ಮೇಲೆ ಅಂಗೈಯಿಂದ ಎರಡು ಸಲ ಬಡಿದು, ಎರಡು ಹೆಜ್ಜೆ ಹಿಂದೆ ಸರಿದ.

"ಬಿಡ್ಲಾ ಸರ್?" ಎಂದಳು ಸಮವಸ್ತ್ರದ ಹುಡುಗಿ.

"ರೈಟ್! ರೈಟ್!"

ರೈಲು ಹೊರಟಿತು. ಮೊದಲ ಸಾಲಿನಿಂದ ಮಗಳ ಕೈ ಹೊರಗೆ ಚಾಚಿ, ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಟೈಂಕೀಪರ್ ಅಭ್ಯಾಸದಂತೆ ಪುಸ್ತಕ ತೆಗೆದು, ಹೊರಟದ್ದು ನಾಲ್ಕು ಐವತ್ತೊಂಬತ್ತು ಎಂದು ಬರೆದ. ಬರೆದು ಮುಗಿಸಿದ ಮೇಲೆ ತಲೆಯೆತ್ತಿದ. ಗಾಡಿಯನ್ನು ತುಂಬುವಾಗ ಟೈಂಕೀಪರ್ ತನ್ನನ್ನು ಎಣಿಸಿಕೊಳ್ಳುವ ಪದ್ಧತಿ ಯಾವ ಡಿಪೋದಲ್ಲೂ ಇಲ್ಲ.

"ನಿಲ್ಸಿ," ಎಂದ ಅವನು. ಸ್ವರ ಹೊರಡಲಿಲ್ಲ. ಇದ್ದದ್ದೆಲ್ಲ ಕೂಗಿ ಮುಗಿದಿತ್ತು.

ಮೇಲಿನಿಂದ ಅತ್ತೆಯ ಕಿರುಚಾಟವೊಂದು ಸ್ಪಷ್ಟವಾಗಿ ಕೇಳಿಸಿತು.

ರೈಲು ಮರಳಿದಾಗ ಐದು ದಾಟಿತ್ತು. ಹುಡುಗಿ ಸರಪಣಿ ಹಾಕಿ ಬೀಗ ತಿರುಗಿಸಿದಳು. ಇಳಿದವರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು, ಹಳೆಯ ನೆಂಟರಂತೆ ನಗುತ್ತಿದ್ದರು. ಇಸ್ಪೀಟಿನ ಮುದುಕರು ಇನ್ನೊಂದು ಸಲ ಹತ್ತಿಸೆಂದು ಹಟ ಹಿಡಿದಿದ್ದರು. ದರ್ಜಿ ಟೈಂಕೀಪರನ ಹೆಗಲು ಬಡಿದು ಎಲ್ಲರಿಗೂ ಕೇಳಿಸುವಂತೆ ಹೇಳಿದ:

"ಏನು ತಲೆ ಸಾಹೇಬ್ರದ್ದು! ತನಗೆ ಭಯ ಅಂತ ಊರನ್ನೆಲ್ಲ ಕೂಗಿ ಕರೆದು ತುಂಬಿಸಿದ್ರು. ಕೊನೇಗೆ ಹೆಣ್ಣು ಕೊಟ್ಟ ಅತ್ತೇನೂ ಬಿಡ್ಲಿಲ್ಲ!"

ಹತ್ತೊಂಬತ್ತು ಮಂದಿ ನಕ್ಕರು. ಅತ್ತೆಯೂ ನಕ್ಕರು. ಮಗಳು ಮಾತ್ರ ನಗಲಿಲ್ಲ. ಹತ್ತಿರ ಬಂದು ಅಪ್ಪನ ಬರಿಗಾಲನ್ನು ನೋಡಿದಳು. ಆಮೇಲೆ ಅವನ ಮುಖವನ್ನು ನೋಡಿ ಕೈ ಹಿಡಿದುಕೊಂಡಳು.

"ನಿಂಗೆ ಭಯ ಆಯ್ತಾ ಅಪ್ಪಾ? ಮೊದಲೇ ಹೇಳ್ಬಾರ್ದಿತ್ತಾ? ನಾನು ಕೇಳ್ತಾನೇ ಇರ್ಲಿಲ್ಲ."

ಟೈಂಕೀಪರನ ಮುಂದೆ ಎರಡು ಉತ್ತರಗಳಿದ್ದವು. ಒಂದು, ನನಗೆ ಭಯವಾಯಿತು ಎಂಬುದು. ಇನ್ನೊಂದು, ನಿನ್ನ ಪಕ್ಕದ ಸೀಟು ನನ್ನದೆಂಬುದೇ ನನಗೆ ಮರೆತುಹೋಯಿತು ಎಂಬುದು. ಅವನು ಎರಡನ್ನೂ ತೂಗಿ ನೋಡಿದ. ಅವಳ ಬಸ್ಸು ಬೆಳಿಗ್ಗೆ ಆರು ಹತ್ತಕ್ಕಿತ್ತು.

"ಹೂಂ ಪುಟ್ಟಿ," ಎಂದ ಅವನು. "ತುಂಬಾ ಭಯ ಆಯ್ತು."