ತಾತನಿಗೊಂದು ತುತ್ತು

ಕವಲಂದೆಯ ಪುಟ್ಟಬಸವಯ್ಯನಿಗೆ ಈ ಲೋಕದಲ್ಲಿ ಕಂಡರಾಗದ ವಸ್ತು ಒಂದೇ ಒಂದು. ಅದು ಅಂಗನವಾಡಿಯ ಗೋಡೆಗೆ ಬಡಿದಿದ್ದ ಅಳತೆಪಟ್ಟಿ. ಅರವತ್ತೈದು ವರ್ಷ ಯಾರ ಅಳತೆಗೂ ಸಿಗದೆ ಬಾಳಿದ ಮನುಷ್ಯ (ಹೊಲ ಅಳೆಯಲು ಬಂದ ಸರ್ವೆಯವರ ಸರಪಳಿಯನ್ನೇ ಕಿತ್ತುಕೊಂಡು ಕೂತಿದ್ದವನು). ಅವನ ಮೂರು ವರ್ಷದ ಮೊಮ್ಮಗಳು ಕವನಳನ್ನು ಯಃಕಶ್ಚಿತ್ ಒಂದು ಪಟ್ಟಿ ಕುಳ್ಳಿ ಅನ್ನುವುದೆಂದರೇನು?

ಪಟ್ಟಿ ಸುಳ್ಳೇನೂ ಹೇಳಿರಲಿಲ್ಲ. ಎದುರುಮನೆ ಚಿಕ್ಕಮಾದುವಿನ ಮೊಮ್ಮಗನಿಗೆ ಆಗತಾನೆ ಎರಡು ತುಂಬಿತ್ತು. ಕವನಳ ಪಕ್ಕದಲ್ಲಿ ನಿಂತರೆ ಅವನೇ ಅಣ್ಣನ ಹಾಗೆ ಕಾಣುತ್ತಿದ್ದ. ಅಂಗನವಾಡಿಯ ರಂಜಿನಿ ಟೀಚರ್ ಪುಷ್ಟಿ ಪುಡಿಯ ಪೊಟ್ಟಣಗಳನ್ನು ತಾತನ ಕೈಗಿಟ್ಟು ಬಿಡಿಸಿ ಹೇಳಿದಳು.

"ಗೋಧಿ, ಕಡ್ಲೆಕಾಯಿಬೀಜ, ಹೆಸರುಕಾಳು, ಬೆಲ್ಲ ಎಲ್ಲ ಹಾಕಿದ್ದಾರೆ ತಾತ. ಊಟ ಹೆಂಗೂ ಇದ್ದೇ ಇರುತ್ತೆ, ಅದರ ಮೇಲೆ ದಿನಾ ಎರಡು ಹೊತ್ತು ಇದನ್ನ ಕಲಸಿ ತಿನ್ಸಿ. ಮಗೂಗೆ ಮಾತ್ರ, ಗೊತ್ತಾಯ್ತಾ? ಈ ವಯಸ್ಸಲ್ಲಿ ಬೆಳೀಲಿಲ್ಲ ಅಂದ್ರೆ ಆಮೇಲೆ ಕಷ್ಟ. ಮೂರು ತಿಂಗಳಲ್ಲಿ ಏನೂ ಏರಲಿಲ್ಲ ಅಂದ್ರೆ ಮೈಸೂರು ಆಸ್ಪತ್ರೆಗೆ ತೋರಿಸಬೇಕು."

ಆಸ್ಪತ್ರೆ ಅಂದದ್ದೇ ಪುಟ್ಟಬಸವಯ್ಯ ಪೊಟ್ಟಣಗಳನ್ನು ಎದೆಗವಚಿಕೊಂಡ. ಅವನ ಪಂಚಪ್ರಾಣಗಳೂ ಆ ಮಗುವಿನಲ್ಲಿದ್ದವು. ಸೊಸೆ ಏಳರ ಬಸ್ಸಿಗೆ ನಂಜನಗೂಡಿನ ಕಾರ್ಖಾನೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗ ಕೃಷ್ಣ ಗಾರೆ ಕೆಲಸದವನು. ಹೆಂಡತಿ ಪುಟ್ಟಮಾದಮ್ಮ ಹೊಲ ಬಿಟ್ಟು ಬರುವವಳಲ್ಲ. ಉಳಿದವನು ಮಂಡಿನೋವಿನ ಪುಟ್ಟಬಸವಯ್ಯ. ಹೀಗಾಗಿ ಪುಷ್ಟಿ ಖಾತೆ ಅವಿರೋಧವಾಗಿ ಅವನಿಗೇ ಬಂತು.

ಮೊದಲ ದಿನವೇ ನಡುಮನೆಯ ಕಂಬಕ್ಕೆ ಮಗುವನ್ನು ನಿಲ್ಲಿಸಿ ಮೊಳೆಯಲ್ಲಿ ಗೀರು ಹಾಕುವುದೆಂದಾಯಿತು. ಕವನ ನಿಂತರೆ ತಾನೆ?

"ತಾತ ಮೊದ್ಲು!" ಎಂದು ಕಾಲು ಬಡಿದಳು.

ಅವಳದು ಅದೊಂದು ಚಾಳಿ. ತಾತ ಮೊದಲು ಮಾಡದೆ ಅವಳು ಏನನ್ನೂ ಮಾಡಳು. ಸಿಸ್ಟರ್ ಚುಚ್ಚುಮದ್ದಿಗೆ ಬಂದಾಗ ಪಾಪ, ಪುಟ್ಟಬಸವಯ್ಯನೇ ಮೊದಲು ತೋಳು ಮಡಿಸಿ, ಸೂಜಿ ತಾಗದೆಯೇ ಅಯ್ಯೋ ಅಂದು, ಆಮೇಲೆ ನಗಬೇಕಾಗಿತ್ತು. ಈಗಲೂ ತಾತ ಕಂಬಕ್ಕೊರಗಿ ನಿಂತ, ಪುಟ್ಟಮಾದಮ್ಮ ಅವನ ನೆತ್ತಿಯ ಮಟ್ಟಕ್ಕೆ ಒಂದು ಗೀರು ಎಳೆದಳು. ಬಳಿಕ ಕವನ ನಿಂತಳು, ಅವಳಿಗೊಂದು ಗೀರು ಬಿತ್ತು.

ಪುಡಿಯ ವಿಷಯದಲ್ಲೂ ಇದೇ ಕಾನೂನು. ತಾತನಿಗೊಂದು ತುತ್ತು ಹೋಗದೆ ಮಗು ಬಾಯಿ ಬಿಡದು. ಮೊದಲ ದಿನ ಅವನು ಬಾಯಿಗಿಟ್ಟದ್ದು ಕಡಲೆಕಾಳಿನಷ್ಟು. ಆದರೆ ಬೆಲ್ಲ, ಕಡಲೆಕಾಯಿಬೀಜದ ಆ ಘಮಲು! ನಾಲಿಗೆ ಅನ್ನುವುದು ಸುಮ್ಮನಿರುತ್ತದೆಯೇ? ಎರಡನೇ ವಾರಕ್ಕೆ ಕಾಳು ನೆಲ್ಲಿಕಾಯಿ ಗಾತ್ರವಾಯಿತು. ನಾಲ್ಕನೇ ವಾರಕ್ಕೆ ತಾತ ಮೊಮ್ಮಗಳು ಸರಿಪಾಲು. ಆಮೇಲಾಮೇಲೆ ಮಗು ಮಲಗಿದ ಮೇಲೂ ಪುಡಿ ಕೆಟ್ಟಿದೆಯೋ ಏನೋ ಪರೀಕ್ಷೆ ಮಾಡೋಣವೆಂದು ಒಂದು ಉಂಡೆ ಕಟ್ಟುತ್ತಿದ್ದ. (ಪುಡಿ ಒಂದು ದಿನವೂ ಕೆಟ್ಟಿರಲಿಲ್ಲ.)

ಹೀಗೆ ಎರಡು ತಿಂಗಳು ಕಳೆದು ಗೌರಿಹಬ್ಬ ಹತ್ತಿರ ಬಂತು. ಸಾರಿಸಿ ಸಾರಿಸಿ ನನ್ನ ಸೊಂಟ ಬಿದ್ದುಹೋಯಿತೆಂದು ಪುಟ್ಟಮಾದಮ್ಮ ಗೊಣಗಿದ್ದಕ್ಕೆ ಕೃಷ್ಣ ಸಿಮೆಂಟು ತಂದು ನಡುಮನೆಯ ಮಣ್ಣುನೆಲದ ಮೇಲೆಯೇ ಗಾರೆ ಎಳೆದ. ನೆಲ ಕನ್ನಡಿಯಾಯಿತು.

ಹಬ್ಬದ ಮಾರನೇ ದಿನ ಮತ್ತೆ ಅಳತೆ. ತಾತ ಮೊದಲು ನಿಂತು ಬಂದ. ಮುದುಕನ ಗೀರನ್ನು ಯಾರು ನೋಡುತ್ತಾರೆ? ಕವನ ನಿಂತಳು. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಮಗು ಗೀರು ದಾಟಿ ಎರಡು ಬೆರಳು ಬೆಳೆದಿತ್ತು!

ಪುಟ್ಟಬಸವಯ್ಯನನ್ನು ಇನ್ನು ಹಿಡಿಯುವವರುಂಟೇ? ಟೀ ಅಂಗಡಿಯಲ್ಲಿ ಕೂತು ಮಕ್ಕಳನ್ನು ಬೆಳೆಸುವ ಬಗೆಯನ್ನು ಊರಿಗೆಲ್ಲ ಉಪದೇಶ ಮಾಡಿದ. "ಪುಡಿ ದೊಡ್ದಲ್ಲ ಕಣ್ಲಾ ಚಿಕ್ಕಮಾದು, ತಿನ್ಸೋ ಕೈ ದೊಡ್ದು" ಎಂದ.

ಎರಡು ದಿನ ಬಿಟ್ಟು ಅಂಗನವಾಡಿಯಲ್ಲಿ ಅಳೆದರೆ ರಂಜಿನಿ ಟೀಚರ್ ಮುಖ ಸಣ್ಣದಾಯಿತು.

"ತಾತ, ಅರ್ಧ ಸೆಂಟಿಮೀಟರೂ ಏರಿಲ್ವಲ್ಲ."

"ನಿಮ್ ಪಟ್ಟೀನೇ ಸರಿಯಿಲ್ಲ ಕಣವ್ವ! ಬನ್ನಿ ನಮ್ಮನೆಗೆ, ನಮ್ ಕಂಬ ಸುಳ್ ಯೋಳಾಕಿಲ್ಲ" ಎಂದು ಪುಟ್ಟಬಸವಯ್ಯ ಅವಳನ್ನು ಕರೆದುಕೊಂಡೇ ಬಂದ. ಹಿಂದೆ ಚಿಕ್ಕಮಾದು, ಅವನ ಹಿಂದೆ ಅರ್ಧ ಬೀದಿ.

"ನಿಂತ್ಕೊ ಪುಟ್ಟಿ" ಎಂದಳು ಟೀಚರ್.

"ತಾತ ಮೊದ್ಲು!"

ತಾತ ಮೀಸೆ ತಿರುವುತ್ತ ನಿಂತ. ಟೀಚರ್ ಅಚ್ಚುಕಟ್ಟಿನ ಹೆಣ್ಣು. ಅವನ ತಲೆಯ ಮೇಲೂ ಪುಸ್ತಕವನ್ನು ಮಟ್ಟವಾಗಿಟ್ಟು ಕಂಬ ನೋಡಿದಳು.

"ಇಲ್ಲಿ ಕೆಳಗಿರೋ ಗೀರು ಯಾರದು ತಾತ?"

"ಅದಾ? ನಂದೇಯ."

ಪುಟ್ಟಮಾದಮ್ಮ ಹತ್ತಿರ ಬಂದು ನೋಡಿದಳು. ಎರಡು ಬೆರಳು! ಗಂಡನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದಳು.

"ಅಯ್ ನನ್ ಸಿವ್ನೇ! ಅರವತ್ತೈದು ವರ್ಸಕ್ಕೆ ಬೆಳ್ದವ್ನೆ ಕಣಪ್ಪಾ! ಮಗೀನ್ ಪುಡಿ ತಿಂದೀಯಾ ನೀನು? ನಿಜ ಯೋಳು!"

ಪುಟ್ಟಬಸವಯ್ಯ ನೆತ್ತಿ ಸವರಿಕೊಂಡ. ಕದ್ದು ತಿಂದದ್ದು ಹೊಟ್ಟೆಯಲ್ಲಿ ಕರಗಿ ಹೋಯಿತೆಂದುಕೊಂಡಿದ್ದರೆ ಹೀಗೆ ತಲೆಯ ಮೇಲೆ ಬಂದು ಸಾಕ್ಷಿ ಹೇಳುವುದೇ! ಇನ್ನು ಮುಚ್ಚಿಟ್ಟು ಫಲವಿಲ್ಲ.

"ತಿಂದೆ ಕಣಮ್ಮಿ. ಕೂಸು ಬಾಯ್ ಬುಡ್ನಿಲ್ಲ ಅಂತ ಒಂದ್ ತುತ್ತು ತಿಂದೆ. ಆಮೇಕೆ ಅರ್ಧಕ್ಕರ್ಧ ತಿಂದೆ. ಉಂಡೇನೂ ಕಟ್ಕಂಡು ತಿಂದೆ. ಬೆಳದ್ಬುಡ್ತೀನಿ ಅಂತ ನಂಗೇನ್ ಗೊತ್ತಿತ್ತು?"

ಟೀಚರ್ ಬಗ್ಗಿ ನೆಲ ಸವರಿ ನೋಡಿದಳು.

"ಈ ಗಾರೆ ಯಾವಾಗ ಹಾಕ್ಸಿದ್ರಿ ಅಜ್ಜಿ?"

ಎಲ್ಲರೂ ಎರಡು ಬೆರಳು ದಪ್ಪದ ಹೊಸ ಗಾರೆ ನೋಡಿದರು, ಕಂಬದ ಗೀರು ನೋಡಿದರು. ಆಮೇಲೆ ಚಿಕ್ಕಮಾದು ನಗಲು ಶುರುಮಾಡಿದವನು ಜಗಲಿಗೆ ಹೋಗಿ ಕೂತುಕೊಂಡು ನಕ್ಕ. ಬಾಯಿ ಮುಚ್ಚಿಕೊಂಡಿದ್ದರೆ ಆ ಗಾರೆನೆಲವೇ ಪುಟ್ಟಬಸವಯ್ಯನ ಮಾನ ಕಾಪಾಡುತ್ತಿತ್ತು!

ಆದರೆ ಆ ನಗು ಅವನ ಕಿವಿಗೆ ಬೀಳಲೇ ಇಲ್ಲ. ನೆಲ ಏರಿದ್ದು ನಿಜವಾದರೆ ಮಗು ಏರಿಲ್ಲ ಎಂದಾಯಿತು. ಅವನು ಕಂಬದ ಬುಡದಲ್ಲಿ ಕುಸಿದು ಕವನಳನ್ನು ಮಡಿಲಿಗೆಳೆದುಕೊಂಡ. "ನನ್ ಕಂದನ್ ಬೆಳವಣ್ಗೇನ ನಾನೇ ತಿಂದ್ಬುಟ್ನಲ್ಲವ್ವ" ಎಂದು ಗಳಗಳ ಅತ್ತ. ಕವನ ತನ್ನ ಲಂಗದ ಅಂಚಿನಿಂದ ಅವನ ಮೂಗು ಒರೆಸಿದಳು.

"ಇನ್ನೂ ಕಾಲ ಮಿಂಚಿಲ್ಲ ತಾತ" ಎಂದಳು ಟೀಚರ್. "ಇವತ್ತಿಂದ ಮತ್ತೆ ಮೂರು ತಿಂಗಳು. ಪುಡಿ ಪೂರ್ತಿ ಮಗೂಗೇ ಹೋಗಬೇಕು."

ಹೋಗುವುದು ಹೇಗೆ? ತಾತ ಮೊದಲು ತಿನ್ನಬೇಕಲ್ಲ! ಬರಿ ಚಮಚ ಚೀಪಿ ನೋಡಿದ. "ಬಾಯಿ ತೋರ್ಸು" ಎಂದಳು ಮೊಮ್ಮಗಳು. ಸಿಕ್ಕಿಬಿದ್ದ. ಆಗ ಪುಟ್ಟಮಾದಮ್ಮ ಮೆಂತ್ಯ ಹುರಿದು ಕುಟ್ಟಿ ಒಂದು ಡಬ್ಬಿ ತುಂಬಿದಳು. ನೋಟಕ್ಕೆ ಅಪ್ಪಟ ಪುಷ್ಟಿ ಪುಡಿ.

"ಇದ ತಿನ್ನು. ನಗ್ನಗ್ತಾ ತಿನ್ನು. ಮಖ ಕಿವುಚ್ಗಂಡೀಯ, ಜ್ವಾಕೆ!"

ಮೂರು ತಿಂಗಳು ದಿನಕ್ಕೆರಡು ಹೊತ್ತು ಪುಟ್ಟಬಸವಯ್ಯ ಮೆಂತ್ಯ ಮೆಲ್ಲುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, "ಆಹಾ, ಏನ್ ಸೀ ಕಣವ್ವ!" ಎಂದ. ಕವನ ತನ್ನ ಪಾಲನ್ನು ಬಟ್ಟಲು ನೆಕ್ಕಿ ತಿಂದಳು.

ಮೂರು ತಿಂಗಳು ತುಂಬಿದ ದಿನ ಅಂಗನವಾಡಿಯ ಪಟ್ಟಿ ಎರಡು ಸೆಂಟಿಮೀಟರು ತೋರಿಸಿತು. ಟೀಚರ್ ಎರಡು ಸಲ ಅಳೆದರೂ ಅಷ್ಟೇ. ಪುಟ್ಟಬಸವಯ್ಯ ಚಪ್ಪಲಿ ಬಿಟ್ಟು ಆ ಅಳತೆಪಟ್ಟಿಗೆ ಕೈಮುಗಿದ.

ಮನೆಗೆ ಬಂದವನೇ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. "ಲೇ, ಈಗ ಅವ್ಳೇ ತಿಂತಾಳೆ. ಆ ಮೆಂತ್ಯದ್ ಡಬ್ಬೀನ ಎತ್ಮಡಗಮ್ಮಿ. ನಾಲ್ಗೇನೇ ಸತ್ತೋಗದೆ."

ಅಷ್ಟರಲ್ಲಿ ಕವನ ಬಂದಳು. ನಿಜ, ಈಗ ತಾತ ಮೊದಲು ಅನ್ನುವ ಹಟ ಅವಳಿಗಿರಲಿಲ್ಲ. ತನ್ನ ಬಟ್ಟಲನ್ನು ಆಗಲೇ ತಾನೇ ಖಾಲಿ ಮಾಡಿದ್ದಳು. ಒಂದು ಕೈಯಲ್ಲಿ ತಾತನ ಡಬ್ಬಿ, ಇನ್ನೊಂದರಲ್ಲಿ ಮೆಂತ್ಯ ತುಂಬಿ ತುಳುಕುತ್ತಿದ್ದ ಚಮಚ.

"ಆ ಅನ್ನು ತಾತ" ಎಂದಳು, ತುದಿಗಾಲಲ್ಲಿ ನಿಂತು. "ತಿನ್ನು. ನೀನೂ ಉದ್ದ ಆಯ್ತೀಯ."

ಪುಟ್ಟಮಾದಮ್ಮ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಪುಟ್ಟಬಸವಯ್ಯ ಬಾಯಿ ತೆರೆದ.