ಎರಡು ಕಿವಿಯ ಬಟ್ಟಲು

ಎಂಜಲಿನ ವಿಷಯದಲ್ಲಿ ನಾನು ಸ್ವಲ್ಪ ಸೂಕ್ಷ್ಮದ ಮನುಷ್ಯ. ಸ್ವಲ್ಪ ಅಂದರೆ, ನನ್ನ ಹೆಂಡತಿ ಸರೋಜಳಿಗೆ ಹೋಲಿಸಿದರೆ ಸ್ವಲ್ಪ. ಅವಳು ನಾನು ಕುಡಿದ ಲೋಟವನ್ನೂ ಬೇರೆ ಕಡೆ ಇಡುವವಳು. ಇಬ್ಬರೂ ಉಡುಪಿ ಕಡೆಯವರು. ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿಯುವುದನ್ನು ಬುದ್ಧಿ ಬರುವ ಮೊದಲೇ ಕಲಿತವರು. ದೋಹಾಕ್ಕೆ ಬಂದ ಮೇಲೂ ಆ ವಿದ್ಯೆ ಬಿಡಲಿಲ್ಲ. ಸೂಕ್ ವಾಕಿಫ್ ಎಂಬ ಹಳೇ ಪೇಟೆಯ ಅಂಗಡಿಗಳಲ್ಲಿ ಒಂದೇ ಪುಟ್ಟ ಕಪ್ಪನ್ನು ತೊಳೆದೂ ತೊಳೆಯದಂತೆ ಮಾಡಿ ಎಲ್ಲರಿಗೂ ಕಾಫಿ ಕೊಡುವಾಗೆಲ್ಲ ನನಗೆ ಹೊಟ್ಟೆನೋವು ಬರುತ್ತಿತ್ತು. ಆ ವ್ಯಾಪಾರಿಗಳು ನನ್ನನ್ನು ಕಾಯಂ ರೋಗಿ ಎಂದೇ ತಿಳಿದಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮ್ಯಾನೇಜರ್ ಆಂಗಸ್, ಸ್ಕಾಟ್ಲೆಂಡಿನವರು, ಕೆಲಸ ಮುಗಿಸಿ ಊರಿಗೆ ಹೊರಟರು. ಮ್ಯಾನೇಜರ್ ಹೊರಟರೆ ಒಳಗೊಳಗೇ ಖುಷಿಪಡುವವರೇ ಹೆಚ್ಚು. ನನಗೆ ಮಾತ್ರ ನಿಜವಾಗಿ ಬೇಜಾರಾಗಿತ್ತು. ನನ್ನ ಅಪ್ಪ ತೀರಿಕೊಂಡಾಗ, ಆಫೀಸಿನ ಕಪಾಟಿನಲ್ಲಿದ್ದ ನನ್ನ ಪಾಸ್‌ಪೋರ್ಟನ್ನು ಶುಕ್ರವಾರದ ರಜೆಯಲ್ಲೂ ಬಾಗಿಲು ತೆಗೆಸಿ ತಂದುಕೊಟ್ಟ ಪುಣ್ಯಾತ್ಮ ಅವರು. ಹೊರಡುವ ಮುನ್ನ ಮದೀನತ್ ಖಲೀಫಾ ಬಡಾವಣೆಯ ತಮ್ಮ ವಿಲ್ಲಾಕ್ಕೆ ನಮ್ಮಿಬ್ಬರನ್ನು ಊಟಕ್ಕೆ ಕರೆದರು.

ಊಟವಾದ ಮೇಲೆ ಒಂದು ಬೆಳ್ಳಿ ಬಟ್ಟಲು ಹೊರಬಂತು. ಅಗಲ ಬಾಯಿ, ಎರಡು ಕಡೆ ಎರಡು ಚಪ್ಪಟೆ ಕಿವಿ. ಹೆಸರು ಕ್ವೇಖ್. ಕೊನೆಯ ಅಕ್ಷರವನ್ನು ಗಂಟಲಿನಿಂದ ಕೆರೆದು ತೆಗೆಯಬೇಕು. ಅರಬರ ಹಾಗೆ ಗಂಟಲಿನಿಂದ ಖಲಾಸ್ ಅಂದು ಅಂದು ಪಳಗಿದ್ದ ನನಗೆ ಅದು ಕಷ್ಟವಾಗಲಿಲ್ಲ. ಕುತೂಹಲ ತಡೆಯದೆ, "ಎರಡು ಕಿವಿ ಯಾಕೆ ಸರ್?" ಅಂದೆ. ಇದು ಸ್ನೇಹದ ಬಟ್ಟಲು, ಕೊಡುವವನೂ ತೆಗೆದುಕೊಳ್ಳುವವನೂ ಎರಡೂ ಕೈ ಹಚ್ಚಬೇಕು, ಆಗ ಯಾರ ಕೈಯಲ್ಲೂ ಚೂರಿ ಇರಲು ಸಾಧ್ಯವಿಲ್ಲ ಎಂದರು. ಹಿಂದೆ ಕೆಲವಕ್ಕೆ ಗಾಜಿನ ತಳ ಇರುತ್ತಿತ್ತಂತೆ, ಕುಡಿಯುತ್ತಲೇ ಎದುರಿನವನ ಮೇಲೆ ಕಣ್ಣಿಡಲು. ಎಂಥ ಸ್ನೇಹ ಮಾರಾಯ್ರೆ. ಇಷ್ಟು ಅನುಮಾನ ಇಟ್ಟುಕೊಂಡೂ ಇವರು ಒಂದೇ ಬಟ್ಟಲಲ್ಲಿ ಕುಡಿಯುತ್ತಾರೆ, ಅನುಮಾನವೇ ಇಲ್ಲದ ನಾವು ಬೇರೆ ಬೇರೆ ಕುಡಿಯುತ್ತೇವೆ ಎಂದು ಯೋಚಿಸುತ್ತಿರುವಾಗಲೇ ಆಂಗಸ್, ನಮಗಾಗಿ ವಿಸ್ಕಿ ಬಿಟ್ಟು ಸೇಬಿನ ಜ್ಯೂಸ್ ಹೊಯ್ದು, ತಾವೊಂದು ಗುಟುಕು ಕುಡಿದು, ನನ್ನ ಮುಂದೆ ಹಿಡಿದರು.

ಹೊಟ್ಟೆನೋವು ಅನ್ನೋಣವೆಂದರೆ ಈಗಷ್ಟೇ ಕೇಳಿ ಕೇಳಿ ಬಡಿಸಿಕೊಂಡು ಉಂಡಿದ್ದೆ. ಬೇಡ ಅಂದರೆ ಆ ಒಳ್ಳೆಯ ಮನುಷ್ಯನ ಮನಸ್ಸು ನೋಯುತ್ತದೆ. ಎರಡೂ ಕಿವಿ ಹಿಡಿದು, ತಲೆ ಹಿಂದೆ ಬಾಗಿಸಿ, ಎತ್ತಿ ಹೊಯ್ದೆ. ಬಾಯಿಗೆ ಬಿದ್ದದ್ದು ಸ್ವಲ್ಪ. ಉಳಿದದ್ದು ಟೈಗೆ, ಅಂಗಿಗೆ, ಅವರ ಕಾರ್ಪೆಟ್ಟಿಗೆ. ಆಂಗಸ್ ಮುಖ ಪೆಚ್ಚಾಯಿತು. ಯಾಕೆ ಎತ್ತಿ ಕುಡಿದೆ ಎಂದು ಅವರಿಗೆ ಗೊತ್ತಾಗಿಬಿಟ್ಟಿತ್ತು. ನನಗೆ ನಾಚಿಕೆಯಿಂದ ಅಳುವೇ ಬಂತು.

ಆಗ ಸರೋಜ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. ತಳದಲ್ಲಿ ಉಳಿದದ್ದನ್ನು ತುಟಿಯಿಟ್ಟು, ನಿಧಾನವಾಗಿ, ಪೂರ್ತಿ ಕುಡಿದಳು. ಆಂಗಸ್ ಮುಖ ಅರಳಿತು. ಬಟ್ಟಲನ್ನು ಅವಳಿಗೇ ಕೊಟ್ಟುಬಿಟ್ಟರು.

"ಅಲ್ಲ ಮಾರಾಯ್ತಿ, ಎಂಜಲು?" ಅಂದೆ ಕಾರಿನಲ್ಲಿ.

"ಅಷ್ಟು ಪ್ರೀತಿಯಲ್ಲಿ ಕೊಟ್ಟದ್ದಕ್ಕೆ ಎಂತ ಎಂಜಲು?" ಅಂದಳು.

ಈ ಮಾತು ನನಗೆ ಬಹಳ ಹಿಡಿಸಿತು. ಮರುದಿನ ಎದ್ದವನೇ ಅಡುಗೆಮನೆಗೆ ನುಗ್ಗಿ ಕಾಫಿ ಮಾಡಿ, ಆ ಬಟ್ಟಲಿಗೆ ಹೊಯ್ದು, ಒಂದು ಗುಟುಕು ಕುಡಿದು, ಎರಡೂ ಕೈಯಲ್ಲಿ, ಅಷ್ಟೇ ಪ್ರೀತಿಯಿಂದ ಅವಳ ಮುಂದೆ ಹಿಡಿದೆ. ಅವಳು ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು.

"ಹಲ್ಲು ಉಜ್ಜಿದ್ದೀರಾ?"

ಎಂಜಲಿನ ವಿಷಯದಲ್ಲಿ ನಾನು ಸೂಕ್ಷ್ಮದ ಮನುಷ್ಯ ಎಂದೆನಲ್ಲ. ಉಜ್ಜಿರಲಿಲ್ಲ.