ದವಡೆಯಲ್ಲಿ ಬೋರ್ ಪಾಯಿಂಟ್

ಜಮಖಂಡಿಯಲ್ಲಿ ಹಲ್ಲಿನ ದವಾಖಾನೆ ಇಟ್ಟವನಿಗೆ ಮನರಂಜನೆಗೆ ಟಿವಿ ಬೇಕಿಲ್ಲ, ಬಾಗಿಲು ತೆರೆದಿಟ್ಟರೆ ಸಾಕು. ನಾನು ಇಂಪ್ಲಾಂಟ್ ಶುರು ಮಾಡಿದ ಮೇಲಂತೂ ದಿನಕ್ಕೊಂದು ಪ್ರಸಂಗ. ದವಡೆಯ ಎಲುಬಿನಲ್ಲಿ ಸಣ್ಣ ಸ್ಕ್ರೂ ಕೂರಿಸಿ, ಅದು ಎಲುಬಿಗೆ ಗಟ್ಟಿಯಾಗಿ ಕೂಡಿಕೊಂಡ ಮೇಲೆ ಅದರ ಮೇಲೊಂದು ಹಲ್ಲು ಹಾಕುವುದು, ಇಷ್ಟೇ ಇದರ ವಿಷಯ. ಆದರೆ ಈ ಸೀಮೆಯಲ್ಲಿ ಇದರ ಬಗ್ಗೆ ಏನೂ ಗೊತ್ತಿಲ್ಲದವನು ನಾನೊಬ್ಬನೇ. ಉಳಿದವರೆಲ್ಲ ಕ್ಷೌರದಂಗಡಿಯಲ್ಲೋ ಚಹಾದಂಗಡಿಯಲ್ಲೋ ಪದವಿ ಮುಗಿಸಿಕೊಂಡೇ ನನ್ನ ಹತ್ತಿರ ಬರುತ್ತಾರೆ.

೧. ಕಾಯಿ ಎದ್ದು ನಿಂತಿತು

ರನ್ನ ಬೆಳಗಲಿಯ ಕಾಕಾ ಒಬ್ಬರು ಬಂದರು. ದೊಡ್ಡ ಕಬ್ಬಿನ ಕಮತ. ಕಬ್ಬು ಕಟಾವಿಗೆ ಬಂತೋ ಇಲ್ಲವೋ ಎಂದು ಜಗಿದು ಹೇಳುವುದರಲ್ಲಿ ಊರಿಗೇ ಹೆಸರಾದವರು. ಅವರು ಜಗಿದು ‘ಹ್ಞೂಂ’ ಅಂದ ಹೊಲಕ್ಕೇ ಮೊದಲು ಕಬ್ಬು ಕಡಿಯುವವರು ಇಳಿಯಬೇಕು. ಈಗ ಬಲಗಡೆಯ ಎರಡು ದವಡೆಹಲ್ಲು ಹೋಗಿ, ಎಡಗಡೆಯವು ಅಲುಗಾಡುತ್ತಿದ್ದವು. ಮಗನಿಗೆ ಹೆಣ್ಣು ಕೊಟ್ಟ ತುಬಚಿಯ ಬೀಗರು ರಸದ ಸಿಹಿ ಅಳೆಯುವ ಮೀಟರ್ ಹಿಡಿದುಕೊಂಡು ಬಂದು, ‘ನಮ್ಮ ಬೀಗರಿಗೆ ಇನ್ನ ರಸಾ ಹಿಂಡಿ ಚಮಚದಾಗ ಕೊಡ್ರಿ’ ಎಂದು ಹೊಲದಲ್ಲೇ ನಗಾಡಿದ್ದರಂತೆ. ಕಾಕಾಗೆ ಅದು ಹಲ್ಲುನೋವಿಗಿಂತ ಹೆಚ್ಚು ನೋಯುತ್ತಿತ್ತು.

‘ಮೊದಲ ಸ್ಕ್ಯಾನ್ ಮಾಡಬೇಕ್ರಿ. ಎಲುಬು ಎಷ್ಟ ದಪ್ಪ ಐತಿ, ನರ ಎಲ್ಲಿ ಹಾದೈತಿ ಅಂತ ನೋಡದ ಕೊರಿಯಾಕ ಬರೂದಿಲ್ಲ’ ಎಂದೆ.

‘ಅದಕ್ಕ ಇವ್ರನ್ನ ಕರಕೊಂಡ ಬಂದೇನ್ರಿ’ ಎಂದರು ಕಾಕಾ.

ಜೊತೆಗಿದ್ದವರು ಊರಿನ ನೀರು ನೋಡುವವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಕಾಯಿ ಎದ್ದು ನಿಂತ ಕಡೆ ಬೋರ್ ಪಾಯಿಂಟ್ ಕೊಡುವವರು. ಚೀಲದಿಂದ ಕಾಯಿ ತೆಗೆದರು, ಕಣ್ಣು ಮುಚ್ಚಿದರು, ಕಾಕಾನ ಕೆನ್ನೆಯ ಹತ್ತಿರ ಕೈ ಆಡಿಸಿದರು. ಕಾಯಿ ಅಲುಗಲಿಲ್ಲ. ಕುರ್ಚಿ ಸುತ್ತಿ, ನಾನು ಕೈ ತೊಳೆಯುವ ಬೇಸಿನ್ ಹತ್ತಿರ ಹೋದದ್ದೇ ತಡ, ಕಾಯಿ ಸೆಟೆದು ನಿಂತಿತು!

‘ಡಾಕ್ಟರ್ರ, ಕಾಕಾನ ಬಾಯಾಗ ಏನಿಲ್ರಿ. ಖರೆ ನಿಮ್ಮ ದವಾಖಾನಿಯೊಳಗ ನೀರಿನ ಸೆಲಿ ಭಾಳ ಛಲೋ ಐತಿ. ಇಲ್ಲೇ ಹೊಡಸ್ರಿ!’

೨. ಇಲ್ಲದ ಸಕ್ಕರೆ

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯುವುದಿಲ್ಲ, ಸ್ಕ್ರೂ ಸಡಿಲಾಗುತ್ತದೆ. ಆದ್ದರಿಂದ ಎಲ್ಲರನ್ನೂ ಕೇಳುತ್ತೇನೆ. ಬೀಳಗಿಯಿಂದ ಬಂದ ನಿವೃತ್ತ ಮಾಸ್ತರರನ್ನೂ ಕೇಳಿದೆ.

‘ಸಕ್ಕರಿ ಕಾಯಿಲೆ ಐತೇನ್ರಿ ಸರ್?’

‘ಏನೂ ಇಲ್ಲ.’

‘ಮತ್ತ ಗುಳಿಗಿ ಏನರ ತಗೋತೀರಿ?’

‘ಮುಂಜಾನಿ ಒಂದ, ಸಂಜಿಗೊಂದ.’

‘ಯಾತಕ್ಕರಿ?’

‘ಸಕ್ಕರಿಗೆ.’

‘ಈಗ ಇಲ್ಲ ಅಂದ್ರೆಲ್ಲ ಸರ್!’

ನಲವತ್ತು ಹುಡುಗರ ಕ್ಲಾಸಿನಲ್ಲಿ ದಡ್ಡನೊಬ್ಬನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ‘ಗುಳಿಗಿ ತಗೋಳಾಕತ್ತೇನಲ್ಲಪಾ, ಅದಕ್ಕ ಇಲ್ಲ. ಯಾವ ಸಾಲಿ ಕಲ್ತೀಯೋ?’

೩. ಮ್ಯಾಚಿಂಗ್

ರಬಕವಿಯ ಸೀರೆ ವ್ಯಾಪಾರಿಗೆ ಮುಂದಿನ ಹಲ್ಲೊಂದು ಬೇಕಿತ್ತು. ತಂಬಾಕು ಹಾಕುವವರ ಇಂಪ್ಲಾಂಟ್ ಕೆಡುವುದೇ ಹೆಚ್ಚು, ಬಿಟ್ಟ ಮೇಲೆಯೇ ಬನ್ನಿ ಎಂದು ವಾಪಸು ಕಳಿಸಿದ್ದೆ. ಸ್ವಲ್ಪ ದಿನಕ್ಕೆ ಮತ್ತೆ ಬಂದರು. ಒಂದು ಕೆನ್ನೆ ಉಬ್ಬಿತ್ತು.

‘ಬಿಟ್ಟೀರೇನ್ರಿ?’

‘ಬಲಕ್ಕ ಪೂರ್ತಿ ಬಿಟ್ಟೇನ್ರಿ. ಈಗೇನಿದ್ರೂ ಎಡಕ್ಕಷ್ಟ.’

ಕೊನೆಗೆ ಅವರ ಹೆಂಡತಿಯೇ ಬಿಡಿಸಿದರು. ಹೇಗೆಂದು ನಾನು ಕೇಳಲಿಲ್ಲ, ವ್ಯಾಪಾರಿಯೂ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಸ್ಕ್ರೂ ಕೂತು, ಗಾಯ ಮಾಯ್ದು, ಹಲ್ಲಿನ ಬಣ್ಣ ಆರಿಸುವ ದಿನ ಬಂತು. ಬಣ್ಣದ ಮಾದರಿಗಳನ್ನು ಮುಂದಿಟ್ಟರೆ ಎದ್ದು ರಸ್ತೆಗೆ ಹೊರಟರು.

‘ಎಲ್ಲಿಗ್ರಿ?’

‘ಬಿಸಲಿಗೆ. ಟ್ಯೂಬ್‌ಲೈಟಿನಾಗ ಬಣ್ಣಾ ನೋಡಬಾರದ್ರಿ. ನಾವು ಗಿರಾಕಿಗೋಳಿಗೆ ಟ್ಯೂಬಿನ ಬೆಳಕಿನಾಗ ತೋರಸ್ತೀವಿ, ನನಗ ಗೊತ್ತಿಲ್ಲೇನು?’

ಹೊಸ ಹಲ್ಲು ಉಳಿದ ಹಲ್ಲುಗಳಿಗೆ ಹೊಂದಬೇಕು. ಆದರೆ ಅವರ ಉಳಿದ ಹಲ್ಲುಗಳ ಎಲೆಯಡಿಕೆ ಕೆಂಪು ಯಾವ ಕಂಪನಿಯ ಮಾದರಿಯಲ್ಲೂ ಇರಲಿಲ್ಲ. ‘ಮೊದಲ ಆ ಹಲ್ಲ ಸ್ವಚ್ಛ ಮಾಡೂಣ್ರಿ’ ಎಂದೆ.

‘ಅಷ್ಟ ಯಾಕ ತ್ರಾಸರಿ? ಹೊಸಾದು ಒಂದ ಐತಲ್ಲ, ಬಿಳೇದ ತರಸ್ರಿ. ನಮ್ಮ ಸೀರಿಗೆ ಬಣ್ಣಾ ಹಾಕಂವಗ ಹೇಳಿ ನಾ ಮ್ಯಾಚ್ ಮಾಡಸ್ತೇನಿ!’

೪. ನೋಡಲು ಬಂದವರು

ಇತ್ತ ನಮ್ಮ ಕಾಕಾ ಸ್ಕ್ಯಾನ್ ಮಾಡಿಸಿದರು. ಎರಡು ಸ್ಕ್ರೂ ಕೂರಿಸಿ ಹೇಳಿ ಕಳಿಸಿದೆ: ‘ಸ್ವಲ್ಪ ದಿನ ಮೆತ್ತಗಿನ ಊಟಾ ಮಾಡ್ರಿ, ಬಾಯಿಗೆ ವಿಶ್ರಾಂತಿ ಕೊಡ್ರಿ. ಎಲುಬು ಹಿಡಕೊಳ್ಳಾಕ ತಿಂಗಳಗಟ್ಟಲೆ ಬೇಕು. ಅಲ್ಲೀತನಕಾ ಕಬ್ಬಿನ ಹೆಸರ ತಗೀಬ್ಯಾಡ್ರಿ.’

ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಹೋಗದಿದ್ದರೆ ಸಂಬಂಧವೇ ಕೆಡುತ್ತದೆ. ಹೊಟ್ಟೆಯದಾದರೇನು, ಹಲ್ಲಿನದಾದರೇನು, ಆಪರೇಷನ್ ಆಪರೇಷನ್ನೇ. ಮರುದಿನ ಫೋನ್ ಮಾಡಿದರೆ ಹಿಂದೆ ಸಂತೆಯಂಥ ಗದ್ದಲ ಕೇಳಿಸಿತು.

‘ಬಾಯಿಗೆ ವಿಶ್ರಾಂತಿ ಕೊಟ್ಟೀರೇನ್ರಿ ಕಾಕಾ?’

‘ಎಲ್ಲಿ ವಿಶ್ರಾಂತಿ ಸಾಹೇಬ್ರ! ಮುಂಜಾನಿಂದ ಬಂದವ್ರಿಗೆಲ್ಲಾ ಬಾಯಿ ತಗದ ತೋರಸಾಕತ್ತೇನಿ. ಒಬ್ರು ಒಳಗ ಬೆಳಕ ಬಿಟ್ಟ ನೋಡಾಕ ಬ್ಯಾಟ್ರಿ ಬ್ಯಾರೇ ತಂದಾರ.’

ಬಂದವರು ಬರಿಗೈಯಲ್ಲೂ ಬಂದಿರಲಿಲ್ಲ. ಕಟಕ್ ರೊಟ್ಟಿ, ಚಕ್ಕುಲಿ, ಕರದಂಟು. ತುಬಚಿಯ ಬೀಗರು ಒಂದು ಹೊರೆ ಕಬ್ಬನ್ನೇ ಇಳಿಸಿ, ಎದುರಿಗೆ ಕೂತು ತಾವೇ ಕಚಕಚ ಜಗಿದು ಹೋಗಿದ್ದರು.

‘ಈ ಹಲ್ಲ ಕೂಡಲಿಲ್ಲಂದ್ರ ನಾ ಇನ್ನ ಹೊಲದಾಗ ಕಾಲಿಡೂದಿಲ್ರಿ’ ಎಂದರು ಕಾಕಾ. ದನಿ ಭಾರವಾಗಿತ್ತು. ನನಗೂ ಕೆಡುಕೆನಿಸಿತು. ಧೈರ್ಯ ಹೇಳಲು ಹೊರಟರೆ ಅವರೇ ಮುಂದುವರಿಸಿದರು: ‘ಮನ್ಯಾಗ ಹಬ್ಬಾ ನಡದೈತ್ರಿ. ನನಗೊಬ್ಬಂವಗ ಅಷ್ಟ ಗಂಜಿ!’

೫. ಪಾಯಿಂಟ್ ಸಿಕ್ಕಿತು

ಕಾಕಾನ ಎಲುಬೂ ಕಾಕಾನಷ್ಟೇ ಹಟದ್ದು, ಸ್ಕ್ರೂ ಗಟ್ಟಿಯಾಗಿ ಹಿಡಿಯಿತು. ಹೊಸ ಹಲ್ಲು ಹಾಕಿ ಎಚ್ಚರಿಸಿದೆ: ‘ಇದು ಹಲ್ಲು, ಗಾಣ ಅಲ್ಲ. ಕಬ್ಬಿನ ಸಿಪ್ಪಿ ಚಾಕುದಿಂದ ತಗೀರಿ, ಸಣ್ಣ ತುಂಡ ಮಾಡಿ ಜಗೀರಿ. ದಿನಾ ಎರಡ ಸಲ ತಿಕ್ರಿ. ವರ್ಷಕ್ಕೊಮ್ಮೆರ ಬಂದ ತೋರಿಸ್ರಿ.’

ಕಟಾವಿನ ಹಂಗಾಮಿನಲ್ಲಿ ಒಂದು ದಿನ ಕಾಕಾ ನಗುತ್ತ ಬಂದರು. ಹಿಂದೆ ಬಾಯಿಗೆ ಟವೆಲ್ ಒತ್ತಿಕೊಂಡ ಬೀಗರು.

ಆದದ್ದಿಷ್ಟು. ಮಂದಿಯೆಲ್ಲ ಕೂಡಿದ ಹೊಲದಲ್ಲಿ ಕಾಕಾ ಒಂದು ತುಂಡು ಜಗಿದು, ‘ಇನ್ನೊಂದ ವಾರ ಬೇಕು’ ಎಂದರು. ಬೀಗರು ಮೀಟರ್ ನೋಡಿದರೆ ಅದೂ ಹಾಗೇ ಹೇಳಿತು. ಬೀಗರಿಗೆ ತಡೆಯಲಿಲ್ಲ. ‘ಹೆಚ್ಚಿ ಕೊಟ್ರ ಕೂಸೂ ತಿಂತೈತಿ!’ ಎಂದು ಇಡೀ ಕಬ್ಬು ಕಿತ್ತು ಮುಂದಿನ ಹಲ್ಲಿನಿಂದಲೇ ಸಿಪ್ಪೆ ಸುಲಿಯಲು ಹೋದರು. ಸಿಪ್ಪೆ ಕಬ್ಬಿನಲ್ಲೇ ಉಳಿಯಿತು, ಹಲ್ಲೂ ಕಬ್ಬಿನಲ್ಲೇ ಉಳಿಯಿತು.

ನಾನು ಬಾಯಿ ತೆರೆಯುವ ಮೊದಲೇ, ಹೊರಗಿನ ಬೆಂಚಿನಲ್ಲಿ ಕೂತು ಎಲ್ಲರ ಕಥೆ ಕೇಳಿಸಿಕೊಂಡಿದ್ದ ಕಾಕಾ ಉಪದೇಶ ಶುರುಮಾಡಿದರು: ‘ನೋಡ್ರಿ ಬೀಗ್ರ, ಸಕ್ಕರಿ ಇದ್ರ ಮುಚ್ಚಿಡಬ್ಯಾಡ್ರಿ. ತಂಬಾಕ ಎರಡೂ ಕಡೆ ಬಿಡ್ರಿ. ಇದು ಇವತ್ತ ಕೂಡ್ಸಿ ನಾಳೆ ಕಡಿಯೂದಲ್ಲ, ಕಬ್ಬ ಹಚ್ಚಿದಂಗ ಕಾಯಬೇಕು. ನಾವೆಲ್ಲಾ ನೋಡಾಕ ಬರ್ತೀವಿ, ಚಕ್ಕುಲಿ ತರ್ತೀವಿ, ನೀವು ಗಂಜಿ ಕುಡೀರಿ.’

ನನಗೂ ಬಾಯಿ ತುರಿಸಿತು. ‘ಅಲ್ರಿ ಕಾಕಾ, ಈ ಸಲ ಪಾಯಿಂಟ್ ನೋಡವ್ರನ್ನ ಕರಕೊಂಡ ಬಂದಿಲ್ಲೇನ್ರಿ?’

‘ಬಂದಾರ್ರಿ, ಹೊರಗ ಕುಂತಾರ.’

ಬಾಗಿಲು ಸರಿಸಿ ಅವರು ಒಳಬಂದರು. ಕೈಯಲ್ಲಿ ಕಾಯಿ ಇರಲಿಲ್ಲ. ಕೆನ್ನೆ ಹಿಡಿದುಕೊಂಡಿದ್ದರು.

‘ಎಲ್ಲೋ ಒಳಗ ಹಲ್ಲ ಭಾಳ ನೋಯಾಕತ್ತೈತ್ರಿ ಡಾಕ್ಟರ್ರ. ಯಾವುದಂತ ನನಗ ಪಾಯಿಂಟ ಸಿಗವಲ್ದು. ಬೀಗ್ರದು ಆಮ್ಯಾಲ ನೋಡೀರಂತ, ಮೊದಲ ನಂದ ಸ್ಕ್ಯಾನ್ ಮಾಡ್ರಿ!’